ಸೂಜಿ ತಾಗಿದರೆ ಪುಡಿಯಾಗುವ ಹರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಉಪ್ಪಿನ ನೀರನ್ನು ಹಾಗೇ ಬಿಟ್ಟರೆ ಕೆಲವು ದಿನಕ್ಕೆ ತಳದಲ್ಲಿ ಹರಳು ಕೂರುತ್ತದೆ, ಅಲ್ವಾ? ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಮೂರು ವರ್ಷ ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸ. ಉಪ್ಪಿನ ಬದಲು ಪ್ರೋಟೀನು, ಅಷ್ಟೇ. ತೆಳುವಾದ ಗಾಜಿನ ಬಿಲ್ಲೆಯ ಮೇಲೆ ಪ್ರೋಟೀನ್ ದ್ರಾವಣದ ಒಂದು ಹನಿ ಇಡಬೇಕು. ಸಾಸಿವೆ ಕಾಳಿನಷ್ಟು ಹನಿ. ಬಿಲ್ಲೆಯನ್ನು ಮಗುಚಿ ಒಂದು ಪುಟ್ಟ ಗುಳಿಯ ಮೇಲೆ ಮುಚ್ಚಬೇಕು. ಅಂಚಿಗೆ ಗ್ರೀಸ್ ಹಚ್ಚಿದರೆ ಗಾಳಿ ಆಡುವುದಿಲ್ಲ. ಹನಿ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತದೆ. ಆಮೇಲೆ ಕಾಯುವುದು. ವಾರ, ತಿಂಗಳು.

ಯಾವತ್ತೋ ಒಂದು ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹನಿಯೊಳಗೆ ಏನೋ ಮಿನುಗುತ್ತದೆ. ಎದೆ ಧಸಕ್ಕೆನ್ನುತ್ತದೆ. ಅದು ಪ್ರೋಟೀನಿನ ಹರಳೋ, ದ್ರಾವಣದಲ್ಲಿದ್ದ ಉಪ್ಪಿನ ಹರಳೋ? ಗೊತ್ತುಮಾಡಿಕೊಳ್ಳಲು ಪ್ರಯೋಗಾಲಯದಲ್ಲಿ ಒಂದು ಒರಟು ಉಪಾಯವಿದೆ. ಸೂಜಿಯ ಮೊನೆಯಿಂದ ಒತ್ತಿ ನೋಡುವುದು. ಉಪ್ಪಾದರೆ ಗಟ್ಟಿ, ಕಟಕ್ ಅನ್ನುತ್ತದೆ. ಪ್ರೋಟೀನಾದರೆ ಮೆತ್ತಗೆ, ಸದ್ದಿಲ್ಲದೆ ಪುಡಿಯಾಗುತ್ತದೆ. ನನ್ನ ಹರಳುಗಳೆಲ್ಲ ಕಟಕ್ ಅಂದವು. ಮೂರು ವರ್ಷವೂ.

ಹರಳೇ ಯಾಕೆ ಬೇಕು? ಒಂದು ಪ್ರೋಟೀನನ್ನು ಹಿಡಿದು ನೋಡಲಾಗುವುದಿಲ್ಲ, ಅಷ್ಟು ಚಿಕ್ಕದು. ಆದರೆ ಕೋಟಿಗಟ್ಟಲೆ ಪ್ರೋಟೀನುಗಳು ಒಂದೇ ಭಂಗಿಯಲ್ಲಿ ಸಾಲುಗಟ್ಟಿ ನಿಂತರೆ ಅದೇ ಹರಳು. ಅದಕ್ಕೆ ಎಕ್ಸ್-ರೇ ಹಾಯಿಸಿದರೆ ಚುಕ್ಕಿಗಳ ಚಿತ್ತಾರ ಮೂಡುತ್ತದೆ. ಆ ಚುಕ್ಕಿಗಳಿಂದ ಲೆಕ್ಕ ಹಾಕಿ ಆಕಾರ ತಿಳಿಯಬಹುದು. 1958ರಲ್ಲಿ ಜಾನ್ ಕೆಂಡ್ರೂ ಹೀಗೆ ಮೊದಲ ಸಲ ಒಂದು ಪ್ರೋಟೀನಿನ ಆಕಾರ ಕಂಡರು. ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್. ಚೆಂದದ ಜ್ಯಾಮಿತಿ ಕಾಣುತ್ತದೆ ಅಂದುಕೊಂಡಿದ್ದವರಿಗೆ ಕಂಡದ್ದು ಕರುಳಿನ ಸುರುಳಿಯಂಥ ಒಂದು ಗಂಟು.

ಪ್ರೋಟೀನು ಅಂದರೆ ಮಣಿಸರ. ಮಣಿಗಳ ಹೆಸರು ಅಮೈನೋ ಆಮ್ಲ. ಇಪ್ಪತ್ತು ಬಗೆ. ಯಾವ ಮಣಿಯ ನಂತರ ಯಾವುದು ಅನ್ನುವುದು ಡಿಎನ್‌ಎಯಲ್ಲಿ ಬರೆದಿರುತ್ತದೆ. ಸರ ಪೋಣಿಸಿ ಆಗುತ್ತಿದ್ದಂತೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಕೆಲಸ ಮಾಡುವುದು ಆ ಆಕಾರ. ರಕ್ತದಲ್ಲಿ ಆಮ್ಲಜನಕ ಹೊರುವುದು, ತಿಂದದ್ದನ್ನು ಅರಗಿಸುವುದು, ವೈರಸ್ಸನ್ನು ಹಿಡಿಯುವುದು, ಎಲ್ಲಕ್ಕೂ ತಕ್ಕ ಆಕಾರ ಬೇಕು.

ಮಡಚುವುದನ್ನು ಹೇಳಿಕೊಡುವವರು ಯಾರು? ಯಾರೂ ಇಲ್ಲ. ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ಒಂದು ಪ್ರೋಟೀನಿನ ಮಡಿಕೆಯನ್ನೆಲ್ಲ ರಾಸಾಯನಿಕ ಹಾಕಿ ಬಿಚ್ಚಿಬಿಟ್ಟರು. ರಾಸಾಯನಿಕ ತೆಗೆದಾಗ ಸರ ತನ್ನಷ್ಟಕ್ಕೆ ಮತ್ತೆ ಮೊದಲಿನಂತೆಯೇ ಮಡಚಿಕೊಂಡಿತು. ಅಂದರೆ ಆಕಾರದ ಗುಟ್ಟೆಲ್ಲ ಮಣಿಗಳ ಸಾಲಿನಲ್ಲೇ ಇದೆ. 1972ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾದರೆ ಸಾಲು ಗೊತ್ತಿದ್ದರೆ ಆಕಾರವನ್ನು ಲೆಕ್ಕ ಹಾಕಬಹುದಲ್ಲ? ಹೇಳುವುದು ಸುಲಭ. 1969ರಲ್ಲಿ ಸೈರಸ್ ಲೆವಿಂಥಾಲ್ ತೋರಿಸಿದ್ದು ಇದನ್ನೇ: ಒಂದು ಸರ ಮಡಚಬಹುದಾದ ಎಲ್ಲ ರೀತಿಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ವಿಶ್ವದ ವಯಸ್ಸೂ ಸಾಲದು. ಪ್ರೋಟೀನಿಗೆ ಮಾತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಮಗೆ ಐವತ್ತು ವರ್ಷ ಬೇಕಾಯಿತು.

ಆ ಐವತ್ತು ವರ್ಷದಲ್ಲಿ ಏನು ನಡೆಯಿತು ಅನ್ನುವುದೇ ನನ್ನ ಮಟ್ಟಿಗೆ ನಿಜವಾದ ಕಥೆ. ಈಗ ಎಲ್ಲರೂ ಕೃತಕ ಬುದ್ಧಿಮತ್ತೆ ಅನ್ನುತ್ತಾರೆ. ಸಾಲಿನಿಂದ ಆಕಾರ ಹೇಳುವ ಈ ಒಗಟನ್ನು ಕಂಪ್ಯೂಟರ್ ಒಂದೇ ಏಟಿಗೆ ಬಿಡಿಸಿತು ಅನ್ನುತ್ತಾರೆ. ಸುಮ್ನೆ ಬಿಡಿಸಲಿಲ್ಲ.

1965ರಲ್ಲಿ ಮಾರ್ಗರೇಟ್ ಡೇಹಾಫ್ ಎಂಬ ವಿಜ್ಞಾನಿ ಆಗ ಮಣಿಸಾಲು ಗೊತ್ತಿದ್ದ ಪ್ರೋಟೀನುಗಳನ್ನೆಲ್ಲ ಕಲೆಹಾಕಿ ಒಂದು ಸಂಗ್ರಹ ತಂದರು. ಅದರಲ್ಲಿ ಇದ್ದದ್ದು 65 ಪ್ರೋಟೀನು. ಒಂದೊಂದು ಅಮೈನೋ ಆಮ್ಲಕ್ಕೆ ಒಂದೇ ಅಕ್ಷರ ಅನ್ನುವ ಪದ್ಧತಿಯೂ ಅವರದೇ. ಆಗ ಕಂಪ್ಯೂಟರಿಗೆ ಮಾಹಿತಿ ಕೊಡುತ್ತಿದ್ದದ್ದು ತೂತು ಹೊಡೆದ ಪಂಚ್ ಕಾರ್ಡುಗಳಲ್ಲಿ, ಅವುಗಳಲ್ಲಿ ಜಾಗ ಉಳಿಯಬೇಕಿತ್ತು. ಅದಕ್ಕೂ ಎರಡು ವರ್ಷ ಮುಂಚೆ, 1963ರಲ್ಲಿ, ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮಣಿಗಳ ನಡುವಿನ ಕೊಂಡಿ ಯಾವ ಕೋನಕ್ಕೆ ತಿರುಗಬಹುದು, ಯಾವುದಕ್ಕೆ ತಿರುಗಲಾರದು ಎಂದು ಒಂದು ನಕ್ಷೆ ಮಾಡಿದ್ದರು. ಇವತ್ತಿಗೂ ಯಾರೇ ಹೊಸ ಆಕಾರ ತಂದರೂ ಮೊದಲು ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. ಆಕಾರ ಕಂಡುಹಿಡಿದವರು ತಮ್ಮ ಅಂಕಿಗಳನ್ನು ತಂದು ಜಮಾ ಮಾಡಬೇಕು, ಬೇಕಾದವರು ಬಿಟ್ಟಿಯಾಗಿ ತೆಗೆದುಕೊಳ್ಳಬೇಕು. ಮೊದಲ ದಿನಗಳಲ್ಲಿ ಅಲ್ಲಿ ಇದ್ದದ್ದು ಏಳೇ ಏಳು. ಆಮೇಲೆ ಸೂಜಿ ಹಿಡಿದು ಕೂತವರು ಒಬ್ಬೊಬ್ಬರಾಗಿ ತಂದು ಹಾಕುತ್ತ ಹೋದರು. ಒಂದೊಂದು ಆಕಾರದ ಹಿಂದೆ ಒಬ್ಬರ ಒಂದು ವರ್ಷ, ಎರಡು ವರ್ಷ, ಕೆಲವೊಮ್ಮೆ ಹತ್ತು ವರ್ಷ. 2020ರ ಹೊತ್ತಿಗೆ ಸುಮಾರು 1,70,000 ಆಯಿತು. ಕಂಪ್ಯೂಟರ್ ಓದಿ ಕಲಿತದ್ದು ಇದನ್ನು.

ಕಲಿತದ್ದು ಹೇಗೆ? ಅದರಲ್ಲಿ ಒಂದು ಅಂಶ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ನಡ ಒಂದಕ್ಷರವೂ ಬಾರದ ಒಬ್ಬನಿಗೆ ಸಾವಿರಾರು ಕನ್ನಡ ವಾಕ್ಯ ಕೊಟ್ಟಿದ್ದೀರಿ ಅಂದುಕೊಳ್ಳಿ. "ಅವನು ನಿನ್ನೆ ಸಂಜೆ ಮಳೆಯಲ್ಲಿ ನೆನೆದುಕೊಂಡು ಬಂದನು." "ಅವಳು ನಿನ್ನೆ ಸಂಜೆ ಮಳೆಯಲ್ಲಿ ನೆನೆದುಕೊಂಡು ಬಂದಳು." "ಅವರು" ಅಂದಾಗ "ಬಂದರು". ಅವನಿಗೆ ಅರ್ಥ ತಿಳಿಯದು. ಆದರೆ ಮೊದಲ ಪದ ಬದಲಾದಾಗಲೆಲ್ಲ ಕೊನೆಯ ಪದದ ಬಾಲ ಬದಲಾಗುತ್ತದೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ನಡುವೆ ಎಷ್ಟೇ ಪದಗಳಿರಲಿ, ಈ ಎರಡಕ್ಕೂ ಏನೋ ಸಂಬಂಧವಿದೆ ಅಂತ ಊಹಿಸುತ್ತಾನೆ.

ಪ್ರೋಟೀನೂ ಹಾಗೆಯೇ. ಒಂದೇ ಕೆಲಸ ಮಾಡುವ ಪ್ರೋಟೀನು ಮನುಷ್ಯನಲ್ಲಿದೆ, ಇಲಿಯಲ್ಲಿದೆ, ಮೀನಿನಲ್ಲಿದೆ, ಯೀಸ್ಟಿನಲ್ಲೂ ಇದೆ. ಆ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ, ಉದಾಹರಣೆಗೆ, 20ನೇ ಮಣಿ ಬದಲಾದ ಕಡೆಯಲ್ಲೆಲ್ಲ 85ನೇ ಮಣಿಯೂ ಬದಲಾಗಿರುತ್ತದೆ. ಸರದಲ್ಲಿ ಅವು ದೂರ ದೂರ. ಆದರೂ ಜೊತೆಯಾಗಿ ಬದಲಾಗುತ್ತವೆ ಅಂದರೆ, ಮಡಚಿದಾಗ ಅವೆರಡೂ ಅಕ್ಕಪಕ್ಕ ಬಂದು ಒಂದಕ್ಕೊಂದು ಆತುಕೊಳ್ಳುತ್ತಿರಬೇಕು. ಒಂದು ದಪ್ಪವಾದರೆ ಇನ್ನೊಂದು ಸಣ್ಣದಾಗಬೇಕು, ಇಲ್ಲದಿದ್ದರೆ ಜಾಗ ಸಾಲದು. ಇಂಥ ಸುಳಿವುಗಳು ಸಾಕಷ್ಟು ಸಿಕ್ಕರೆ ಗಂಟನ್ನು ಬಿಡಿಸಬಹುದು. ಆ ಸುಳಿವುಗಳು ಎಲ್ಲಿಂದ ಬಂದವು? ಸಾವಿರಾರು ಜೀವಿಗಳ ಡಿಎನ್‌ಎ ಓದಿ ಇಟ್ಟಿದ್ದವರಿಂದ.

1994ರಿಂದ ಎರಡು ವರ್ಷಕ್ಕೊಮ್ಮೆ ಒಂದು ಪರೀಕ್ಷೆ ನಡೆಯುತ್ತ ಬಂದಿದೆ. ಹೆಸರು ಕ್ಯಾಸ್ಪ್. ಆಕಾರ ಗೊತ್ತಾಗಿದ್ದರೂ ಇನ್ನೂ ಪ್ರಕಟವಾಗದ ಪ್ರೋಟೀನುಗಳ ಸಾಲನ್ನು ಮಾತ್ರ ಕೊಡುತ್ತಾರೆ. ಆಕಾರ ನೀವು ಹೇಳಬೇಕು. ನೂರಕ್ಕೆ ತೊಂಬತ್ತು ಬಂದರೆ ಪ್ರಯೋಗಾಲಯದಲ್ಲಿ ಕಂಡದ್ದಕ್ಕೆ ಸಮ ಅಂತ ಲೆಕ್ಕ. 2020ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಕಂಪ್ಯೂಟರ್ ಕಾರ್ಯಕ್ರಮ ಆಲ್ಫಾಫೋಲ್ಡ್‌ಗೆ ಬಂದ ನಡುವಣ ಅಂಕ 92.4. 2022ರ ಜುಲೈನಲ್ಲಿ ಅವರು 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಅಂದಾಜು ಆಕಾರಗಳನ್ನು ಯಾರು ಬೇಕಾದರೂ ನೋಡಲಿ ಎಂದು ಇಟ್ಟರು. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಆಲ್ಫಾಫೋಲ್ಡ್ ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ. ಉಳಿದರ್ಧ ಡೇವಿಡ್ ಬೇಕರ್‌ಗೆ. ಬೇಕರ್ ಹೋದದ್ದು ತಿರುಗುಮುರುಗು ದಾರಿಯಲ್ಲಿ. ಬೇಕಾದ ಆಕಾರ ಮೊದಲು ಬರೆದುಕೊಂಡು, ಅದಕ್ಕೆ ತಕ್ಕ ಮಣಿಸಾಲು ಹುಡುಕಿದರು. 2003ರಲ್ಲೇ ಅವರ ತಂಡ ಪ್ರಕೃತಿಯಲ್ಲಿ ಎಲ್ಲೂ ಇಲ್ಲದ, 93 ಮಣಿಗಳ ಒಂದು ಪ್ರೋಟೀನು ಮಾಡಿ ತೋರಿಸಿತ್ತು.

ಡಿಎನ್‌ಎ ಓದುವ ಕಥೆಗೂ ಬರೋಣ. ಮನುಷ್ಯನ ಜೀನೋಮ್ ಅಂದರೆ ಅವನ ಇಡೀ ಡಿಎನ್‌ಎ. ಎ, ಟಿ, ಜಿ, ಸಿ ಎಂಬ ನಾಲ್ಕೇ ಬಗೆಯ ಸುಮಾರು 300 ಕೋಟಿ ಅಕ್ಷರ. 2003ರಲ್ಲಿ ಓದಿ ಮುಗಿಯಿತು ಎಂದು ಸಾರಿದರು. ಮುಗಿದಿರಲಿಲ್ಲ. ನೂರರಲ್ಲಿ ಎಂಟು ಪಾಲು ಬಾಕಿ ಇತ್ತು. ಆಗಿನ ಯಂತ್ರಗಳು ಡಿಎನ್‌ಎಯನ್ನು ಚೂರು ಮಾಡಿ, ಕೆಲವು ನೂರು ಅಕ್ಷರದ ತುಂಡುಗಳನ್ನು ಓದಿ, ಅಂಚು ಹೊಂದಿಸಿ ಜೋಡಿಸುತ್ತಿದ್ದವು. ಒಂದು ಹಾಡಿನ ಹಾಳೆಯನ್ನು ಹರಿದು ಜೋಡಿಸಿದ ಹಾಗೆ. ಚರಣದ ತುಂಡು ಸಿಕ್ಕರೆ ಜಾಗ ಗೊತ್ತಾಗುತ್ತದೆ. ಬರೀ ಪಲ್ಲವಿಯ ತುಂಡು ಸಿಕ್ಕರೆ? ಅದು ಎಷ್ಟನೇ ಸಲದ್ದು? ನಮ್ಮ ವರ್ಣತಂತುಗಳಲ್ಲಿ ಲಕ್ಷಗಟ್ಟಲೆ ಅಕ್ಷರ ಬರೀ ಪಲ್ಲವಿಯಾಗಿರುವ ಜಾಗಗಳಿವೆ.

ಕೊನೆಗೆ ದಾರಿ ಕೊಟ್ಟದ್ದು ಉದ್ದುದ್ದ ಓದುವ ಯಂತ್ರಗಳು. ಒಂದು ಬಗೆಯಲ್ಲಿ ಡಿಎನ್‌ಎ ಎಳೆಯನ್ನು ಅತಿ ಸಣ್ಣ ರಂಧ್ರದೊಳಗೆ ನುಸುಳಿಸುತ್ತಾರೆ. ಒಂದೊಂದು ಅಕ್ಷರ ದಾಟುವಾಗಲೂ ವಿದ್ಯುತ್ ಒಂದಿಷ್ಟು ಏರಿಳಿಯುತ್ತದೆ, ಅದನ್ನು ಕಂಪ್ಯೂಟರ್ ಅಕ್ಷರವಾಗಿ ಓದುತ್ತದೆ. ಲಕ್ಷಕ್ಕೂ ಮೀರಿದ ಅಕ್ಷರ ಒಂದೇ ಉಸಿರಿಗೆ. 2022ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಜೀನೋಮನ್ನು ತುದಿಯಿಂದ ತುದಿಯವರೆಗೆ ಓದಿತು. ಆದರೆ ಅವರು ಓದಿದ ಜೀವಕೋಶದಲ್ಲಿ ವೈ ವರ್ಣತಂತು ಇರಲಿಲ್ಲ. ಗಂಡಸರ ಆ ಪುಟ್ಟ ವರ್ಣತಂತು ಪೂರ್ತಿಯಾಗಲು 2023 ಬರಬೇಕಾಯಿತು. ಪಲ್ಲವಿ ಅದರಲ್ಲೇ ಜಾಸ್ತಿ.

ಜೀನೋಮನ್ನು ಜೀವದ ಪುಸ್ತಕ ಅನ್ನುವವರಿದ್ದಾರೆ. ನನಗೇಕೋ ಆ ಮಾತು ಒಗ್ಗುವುದಿಲ್ಲ. ಗೊದಮೊಟ್ಟೆಯ ಡಿಎನ್‌ಎ ಓದಿ, ಅದೇ ಬೆಳೆದು ಕಪ್ಪೆಯಾದ ಮೇಲೆ ಮತ್ತೆ ಓದಿ. ಒಂದೇ. ಬಾಲ ಹೋಗಿ ಕಾಲು ಬಂದರೂ ಡಿಎನ್‌ಎ ಅದೇ. ಬದಲಾದದ್ದು ಪ್ರೋಟೀನುಗಳು: ಯಾವುದು, ಎಲ್ಲಿ, ಎಷ್ಟು, ಯಾವಾಗ. ಈ ಲೆಕ್ಕ ಇಡುವುದೇ ಪ್ರೋಟಿಯೋಮಿಕ್ಸ್.

ಈ ಲೆಕ್ಕ ಡಿಎನ್‌ಎ ಓದುವುದಕ್ಕಿಂತ ಕಷ್ಟದ್ದು. ಡಿಎನ್‌ಎ ಕಡಿಮೆಯಿದ್ದರೆ ನಕಲು ಮಾಡಿ ಹೆಚ್ಚಿಸಿಕೊಳ್ಳಬಹುದು. ಪ್ರೋಟೀನಿಗೆ ಅಂಥ ಸೌಕರ್ಯವಿಲ್ಲ. ಇದ್ದಷ್ಟನ್ನೇ ಹಿಡಿಯಬೇಕು. ರಕ್ತದಲ್ಲಿ ತುಂಬಿ ತುಳುಕುವ ಪ್ರೋಟೀನಿಗೂ ಅಪರೂಪದ ಪ್ರೋಟೀನಿಗೂ ಸಾವಿರ ಕೋಟಿ ಪಟ್ಟು ಅಂತರ. ಹಾಗಾಗಿ ಪ್ರೋಟೀನುಗಳನ್ನು ಒಂದು ಕಿಣ್ವದಿಂದ ಕತ್ತರಿಸಿ, ಆ ತುಂಡುಗಳನ್ನು ತೂಗುತ್ತಾರೆ. ಕಿಣ್ವ ಎಲ್ಲಿ ಕತ್ತರಿಸುತ್ತದೆ ಅನ್ನುವುದು ಮೊದಲೇ ಗೊತ್ತು. ಜೀನೋಮ್ ನೋಡಿ ಯಾವ ತುಂಡು ಎಷ್ಟು ತೂಗಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕಿಟ್ಟಿರುತ್ತದೆ. ತೂಕ ಹೊಂದಿದರೆ ಹೆಸರು ಸಿಕ್ಕಿತು.

ಆದರೆ ತೂಗಬೇಕಾದರೆ ತುಂಡುಗಳು ಒಡೆಯದೆ ಗಾಳಿಗೆ ಏಳಬೇಕು. ಲೇಸರ್ ಹಾಯಿಸಿದರೆ ಚಿಂದಿಯಾಗುತ್ತಿದ್ದವು. 1985ರಲ್ಲಿ ಜಪಾನಿನ ಒಂದು ಕಂಪನಿಯಲ್ಲಿ ಕೊಯಿಚಿ ತನಕಾ ಎಂಬ ಯುವ ಎಂಜಿನಿಯರ್ ಕೋಬಾಲ್ಟ್ ಪುಡಿಗೆ ಬೇರೊಂದು ದ್ರವ ಬೆರೆಸುವ ಬದಲು ತಪ್ಪಿ ಗ್ಲಿಸರಿನ್ ಸುರಿದುಬಿಟ್ಟರು. ಪುಡಿ ದುಬಾರಿ. ಚೆಲ್ಲಲು ಮನಸ್ಸಾಗಲಿಲ್ಲ. ಇದ್ದದ್ದು ಇರಲಿ ಅಂತ ಅದನ್ನೇ ಯಂತ್ರಕ್ಕಿಟ್ಟರು. ಮಿಶ್ರಣ ಲೇಸರ್‌ನ ಹೊಡೆತವನ್ನು ತಾನು ತಾಳಿಕೊಂಡು, ಅಣುವನ್ನು ಇಡಿಯಾಗಿ ಎಬ್ಬಿಸಿತು. 2002ರಲ್ಲಿ ನೊಬೆಲ್ ಬಂದಾಗ ಅವರಿಗೆ 43 ವರ್ಷ, ಪಿಎಚ್.ಡಿ. ಇರಲಿಲ್ಲ.

ಇದೆಲ್ಲ ರೋಗಿಯ ಹತ್ತಿರಕ್ಕೂ ಬಂದಿದೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಕಾರಣ ಒಂದೇ ಒಂದು ಅಕ್ಷರ. ಎ ಇರಬೇಕಾದಲ್ಲಿ ಟಿ. ಒಂದು ಮಣಿ ಬದಲಾಗುತ್ತದೆ, ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಇದು ಗೊತ್ತಿರುವ ಕಾಯಿಲೆ. ಆದರೆ ಪರೀಕ್ಷೆ ಮಾಡಿಸಿದವರ ಡಿಎನ್‌ಎಯಲ್ಲಿ ಇಂಥ ಸಾವಿರಾರು ಬದಲಾವಣೆ ಸಿಗುತ್ತವೆ. ಹೆಚ್ಚಿನವು ನಿರುಪದ್ರವಿ. ಯಾವುದು ಯಾವುದೋ ವೈದ್ಯರಿಗೂ ತಿಳಿಯದು. 2023ರಲ್ಲಿ ಆಲ್ಫಾಮಿಸ್‌ಸೆನ್ಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ಹೀಗೆ ಒಂದು ಮಣಿ ಬದಲಾಗಬಹುದಾದ 7.1 ಕೋಟಿ ಸಾಧ್ಯತೆಗಳನ್ನು ನೋಡಿ, ನೂರಕ್ಕೆ 89ರಷ್ಟಕ್ಕೆ ಇದು ಅಪಾಯ, ಇದು ಪರವಾಗಿಲ್ಲ ಎಂದು ಅಂದಾಜು ಹೇಳಿತು. ಅಂದಾಜು. ಆ ಪದವನ್ನು ಮರೆಯಬೇಡಿ.

ಈಗ ನನ್ನ ಹಳೆಯ ಪ್ರೋಟೀನಿಗೆ ಬರುತ್ತೇನೆ. ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ತೆರೆದು, "ಸರ್, ನಿಮ್ಮ ಪ್ರೋಟೀನಿನ ಹೆಸರು ಹೇಳಿ" ಅಂದಳು. ಹೇಳಿದೆ. ಅರ್ಧ ನಿಮಿಷ ಆಗಿರಲಿಕ್ಕಿಲ್ಲ, ಆಕಾರ ತೆರೆಯ ಮೇಲೆ ಬಂತು. ಆಲ್ಫಾಫೋಲ್ಡ್ ತನಗೆ ಎಷ್ಟು ಭರವಸೆ ಇದೆ ಅನ್ನುವುದನ್ನು ಬಣ್ಣದಲ್ಲಿ ತೋರಿಸುತ್ತದೆ. ಗಾಢ ನೀಲಿ ಅಂದರೆ ಖಚಿತ. ಕಿತ್ತಳೆ ಅಂದರೆ ನಂಬಬೇಡಿ. ಮೈಯೆಲ್ಲ ನೀಲಿ ಇತ್ತು. ಒಂದು ತುದಿಯಲ್ಲಿ ಮಾತ್ರ ಉದ್ದನೆಯ ಕಿತ್ತಳೆ ಬಾಲ, ದಾರದ ಹಾಗೆ ಜೋತಾಡುತ್ತಿತ್ತು.

ನೋಡುತ್ತಲೇ ಗೊತ್ತಾಯಿತು. ಆ ಬಾಲಕ್ಕೆ ಆಕಾರವೇ ಇಲ್ಲ. ಎಷ್ಟೋ ಪ್ರೋಟೀನುಗಳಲ್ಲಿ ಹೀಗೆ ಮಡಚಿಕೊಳ್ಳದ ಭಾಗಗಳಿರುತ್ತವೆ. ಒಂದೊಂದು ಪ್ರತಿಯಲ್ಲೂ ಬಾಲ ಒಂದೊಂದು ಕಡೆ ಅಲ್ಲಾಡುತ್ತಿದ್ದರೆ ಸಾಲಾಗಿ ನಿಲ್ಲುವುದು ಹೇಗೆ? ಹರಳು ಬರುವುದು ಹೇಗೆ? ಮೂರು ವರ್ಷ ನಾನು ಉಪ್ಪು ಬದಲಿಸಿದೆ, ಹುಳಿ ಬದಲಿಸಿದೆ, ತಂಪು ಮಾಡಿದೆ. ಬಾಲ ಕತ್ತರಿಸಲು ಹೊಳೆಯಲಿಲ್ಲ.

ಅವಳು ಕತ್ತರಿಸಿದಳು. ಬಾಲದ ಭಾಗ ಬಿಟ್ಟು ಪ್ರೋಟೀನು ಮಾಡಿಸಿ, ಹನಿಗಳನ್ನು ನೇತುಹಾಕಿದಳು. ಆಕಾರ ಹೇಗೂ ತೆರೆಯ ಮೇಲಿದೆಯಲ್ಲ, ಮತ್ತೆ ಹರಳು ಯಾಕಮ್ಮ ಎಂದೆ. "ಅದು ಅಂದಾಜು ತಾನೇ, ಸರ್. ಔಷಧಿಯ ಅಣು ಎಲ್ಲಿ ಕೂರುತ್ತೆ ಅಂತ ನಾನು ಕಣ್ಣಾರೆ ನೋಡಬೇಕು" ಅಂದಳು.

ಹನ್ನೆರಡನೇ ದಿನ ಫೋನ್ ಬಂತು. ಹೋದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹನಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ಮಿನುಗುವ ಚೂರುಗಳು. ಒಂದನ್ನು ಮುಟ್ಟಿ ನೋಡಿ ಎಂದು ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ಕೈ ಸ್ವಲ್ಪ ನಡುಗಿತು. ಒತ್ತಿದೆ.

ಸದ್ದಾಗಲಿಲ್ಲ.

ನಮಸ್ಕಾರ.