ಮದುವೆಯ ನೋಟಿಸ್ ಮತ್ತು ಖಾಸಗಿತನದ ಹಕ್ಕು

ಕೇಳುಗರಿಗೆ ನಮಸ್ಕಾರ.

ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಹುಡುಗ ಪಾವಗಡದವನು, ಹುಡುಗಿ ಮುಳಬಾಗಿಲಿನವಳು. ಇಬ್ಬರೂ ತುಮಕೂರಿನಲ್ಲಿ ಕೆಲಸದಲ್ಲಿದ್ದಾರೆ. ಇಬ್ಬರ ಧರ್ಮ ಬೇರೆ ಬೇರೆ. ಯಾರೂ ಮತ ಬದಲಿಸದೆ ಮದುವೆಯಾಗಬೇಕೆಂದರೆ ಅವರಿಗಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಅವರ ಹೆಸರು, ವಯಸ್ಸು, ಉದ್ಯೋಗ, ವಿಳಾಸವಿರುವ ನೋಟಿಸನ್ನು ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಹುಡುಗಿಯ ಕಾಯಂ ವಿಳಾಸ ಕೋಲಾರ ಜಿಲ್ಲೆಯದ್ದಾದರೆ ನೋಟಿಸಿನ ಪ್ರತಿ ಅಲ್ಲಿನ ಅಧಿಕಾರಿಗೂ ಹೋಗಿ, ಅಲ್ಲಿಯ ಗೋಡೆಯನ್ನೂ ಏರುತ್ತದೆ. ಹೆತ್ತವರಿಗೆ ತಾವೇ ಹೇಳಬೇಕೆಂದುಕೊಂಡಿದ್ದ ಮಾತು ಅವರಿಗಿಂತ ಮೊದಲು ಊರಿಗೆ ಮುಟ್ಟಿರುತ್ತದೆ.

ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಛತ್ರದಲ್ಲಿ ಧಾರೆ ಮುಗಿಸಿ ಆಮೇಲೆ ನೋಂದಣಿ ಮಾಡಿಸುತ್ತಾರೆ. ಅವರ ವಿಳಾಸವನ್ನು ಯಾರೂ ಗೋಡೆಗೆ ಹಚ್ಚುವುದಿಲ್ಲ, ಊರವರ ತಕರಾರನ್ನು ಕರೆದು ಕೇಳುವುದಿಲ್ಲ. ಈ ತಾರತಮ್ಯ ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ವಕೀಲಳಾಗಿ ನಾನು ಕಂಡ ಜೋಡಿಗಳಿಗೆ ಕಾನೂನಿನ ಭಯವಿರಲಿಲ್ಲ. ಆ ಬೋರ್ಡನ್ನು ಯಾರು ಓದುತ್ತಾರೋ ಎಂಬ ಭಯವಿತ್ತು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹಿರಿಯರು ಅವರು. 2018ರಲ್ಲಿ, ಇಸ್ಲಾಂ ಸೇರಿ ಮುಸ್ಲಿಂ ಯುವಕನನ್ನು ಮದುವೆಯಾಗಿದ್ದ ಕೇರಳದ ಯುವತಿ ಹಾದಿಯಾಳ ಪ್ರಕರಣದಲ್ಲಿ, ಹೈಕೋರ್ಟ್ ರದ್ದು ಮಾಡಿದ್ದ ಮದುವೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಯಸ್ಕ ಹೆಣ್ಣುಮಗಳು ಯಾರ ಕೈಹಿಡಿಯಬೇಕು, ಯಾವ ನಂಬಿಕೆ ಇಟ್ಟುಕೊಳ್ಳಬೇಕು ಎಂಬುದು ಅವಳಿಗೇ ಬಿಟ್ಟದ್ದು ಎಂದಿತು.

ಇಷ್ಟು ಸ್ಪಷ್ಟವಾದ ಮಾತು ಕೆಳಗಿನವರೆಗೆ ಇಳಿದುಬಂದಿಲ್ಲ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಬಯಸಿದರೆ ಮಾತ್ರ ನೋಟಿಸ್ ಪ್ರಕಟಿಸಿ ಎಂದಿತು. ಆದರೆ ಅದರ ಮರುವರ್ಷ ನೋಟಿಸಿನ ನಿಯಮಗಳನ್ನೇ ಪ್ರಶ್ನಿಸಿದ ಅರ್ಜಿಯೊಂದು ಬಂದಾಗ, ಅರ್ಜಿದಾರರಿಗೆ ಈಗಾಗಲೇ ಮದುವೆಯಾಗಿದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2024ರ ಮೇ ತಿಂಗಳಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಮುಸ್ಲಿಂ ಯುವಕ ಮತ್ತು ಹಿಂದೂ ಯುವತಿಗೆ ಪೊಲೀಸ್ ರಕ್ಷಣೆ ನಿರಾಕರಿಸಿತು. ಮುಸ್ಲಿಂ ವೈಯಕ್ತಿಕ ಕಾನೂನಿನ ಪ್ರಕಾರ ಆ ಮದುವೆ ಕ್ರಮಬದ್ಧವಲ್ಲ, ವಿಶೇಷ ವಿವಾಹ ಕಾಯ್ದೆಯಡಿ ಆದರೂ ಅಷ್ಟೇ ಎಂಬುದು ಅದು ಕೊಟ್ಟ ಕಾರಣ. ಧರ್ಮಗಳ ವೈಯಕ್ತಿಕ ಕಾನೂನಿನ ಹೊರಗೆ ಒಂದು ಬಾಗಿಲಿರಲಿ ಎಂದೇ ಸಂಸತ್ತು ಮಾಡಿದ ಕಾಯ್ದೆಯೊಳಗೆ ನ್ಯಾಯಾಲಯವೇ ಆ ಕಾನೂನನ್ನು ಕರೆತಂದು ಕೂರಿಸಿದರೆ, ಆ ಇಬ್ಬರು ಇನ್ನೆಲ್ಲಿಗೆ ಹೋಗಬೇಕು? ಈ ತೀರ್ಪು ತಪ್ಪು ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ.

ನಂಬಿಕೆಯ ವಿಷಯದಲ್ಲೂ ಇದೇ ಕಥೆ. ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದನ್ನು ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕು ಎಂದಿತು. ಅಂಥದ್ದೇ ಪೂರ್ವಸೂಚನೆಯ ನಿಯಮವನ್ನು ಹಿಮಾಚಲ ಪ್ರದೇಶ ಹೈಕೋರ್ಟ್ 2012ರಲ್ಲೇ ರದ್ದುಪಡಿಸಿತ್ತು. ತನ್ನ ನಂಬಿಕೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕೂ ಮನುಷ್ಯನಿಗಿದೆ ಎಂದಿತ್ತು. ನಮ್ಮ ಕಾಯ್ದೆಯನ್ನು ಹಿಂತೆಗೆದುಕೊಳ್ಳಲು ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಆದರೆ ಕೋರ್ಟು ಕೊಟ್ಟ ಹಕ್ಕಾಗಲಿ, ಸರ್ಕಾರದ ತೀರ್ಮಾನವಾಗಲಿ ತಾನಾಗಿ ಉಳಿಯುವುದಿಲ್ಲ. ಅಮೆರಿಕದಲ್ಲಿ ಖಾಸಗಿತನದ ತಳಹದಿಯ ಮೇಲೆ 1973ರಲ್ಲಿ ಸಿಕ್ಕಿದ್ದ ಗರ್ಭಪಾತದ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟೇ 2022ರಲ್ಲಿ ಕಿತ್ತುಕೊಂಡಿತು.

ನೋಟಿಸಿನ ಹಂತದಲ್ಲಿರುವವರು ಕೆಲವು ವಿಷಯ ತಿಳಿದಿರಬೇಕು. ಧರ್ಮ, ಜಾತಿ ಬೇರೆ ಎಂಬುದು ಆಕ್ಷೇಪಣೆಗೆ ಕಾರಣವಾಗುವುದಿಲ್ಲ. ವಯಸ್ಸು, ಜೀವಂತ ಸಂಗಾತಿ, ನಿಷಿದ್ಧ ರಕ್ತಸಂಬಂಧ, ಮಾನಸಿಕ ಸಾಮರ್ಥ್ಯ, ಇಂಥ ಕಾನೂನಿನ ಷರತ್ತುಗಳನ್ನಷ್ಟೇ ಎತ್ತಬಹುದು. ಆಕ್ಷೇಪಣೆ ನೋಟಿಸ್ ಪುಸ್ತಕದಲ್ಲಿ ದಾಖಲಾಗಬೇಕು, ಆಕ್ಷೇಪಿಸಿದವರು ಸಹಿ ಹಾಕಬೇಕು. ಕೌಂಟರಿನ ಮುಂದೆ ಗುಂಪು ಕಟ್ಟಿ ಕೂಗಾಡಿದರೆ ಅದು ಆಕ್ಷೇಪಣೆಯಲ್ಲ. ಅಧಿಕಾರಿ 30 ದಿನಗಳೊಳಗೆ ವಿಚಾರಣೆ ಮುಗಿಸಿ ನಿರ್ಧರಿಸಬೇಕು. ಬೆದರಿಕೆ ಬಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.

ನಮಸ್ಕಾರ.