ಟೈ ರಾಡ್ ಎಲ್ಲಿ ಕೂರಬೇಕು: ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರಿನ ಮುಂಭಾಗದ ಸಸ್ಪೆನ್ಷನ್

ಮಾನ್ಯರೆ,

ಮನೆಯ ಗ್ಯಾರೇಜಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಳೆಯದು. ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಕಾರನ್ನು ತಂದಾಗ ಅದು ಬಿಡಿಭಾಗಗಳ ಕಿಟ್ ಆಗಿಯೂ ಸಿಗುತ್ತಿತ್ತು. ಹಾಗೆ ಕೊಂಡರೆ ಆಗಿನ ಖರೀದಿ ತೆರಿಗೆ ತಗಲುತ್ತಿರಲಿಲ್ಲವಾದ್ದರಿಂದ, ಸ್ಪ್ಯಾನರ್ ಹಿಡಿಯಬಲ್ಲ ಸಾಮಾನ್ಯರ ಕೈಗೂ ಅದು ಎಟುಕಿತು. ಅದೇ ಅಚ್ಚಿನ ಚಾಸಿಸನ್ನು ಚೌಕ ಕೊಳವೆಗಳಿಂದ ತಾವೇ ಬೆಸೆದು, ಹಳೆಯ ಫೋರ್ಡ್ ಎಸ್ಕಾರ್ಟಿನ ಎಂಜಿನ್ನನ್ನೂ ಕಾರ್ಟಿನಾದ, ಮುಂಚಕ್ರವನ್ನು ಹೊರುವ ಅಪ್‌ರೈಟ್‌ಗಳನ್ನೂ ಜೋಡಿಸುವ ‘ಲೋಕಾಸ್ಟ್’ ಕಾರುಗಳು 1990ರ ದಶಕದಲ್ಲಿ ಹುಟ್ಟಿಕೊಂಡವು. ಅಲ್ಲಿದ್ದಾಗ ನಾನು ಕಟ್ಟಿದ್ದೂ ಅಂಥದ್ದನ್ನೇ.

ಕಾರು ಕಟ್ಟುವವರು ಸಾಮಾನ್ಯವಾಗಿ ಮೊದಲು ಕೇಳುವುದು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಎಷ್ಟಿಡಬೇಕು, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂದಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಎಷ್ಟಿಡಬೇಕು ಎಂದು. ಇವು ನಟ್ಟು ತಿರುಗಿಸಿ ಬದಲಿಸಿಕೊಳ್ಳಬಹುದಾದ ಅಳತೆಗಳು. ಇವತ್ತು ತಪ್ಪಿದರೆ ನಾಳೆ ತಿದ್ದಬಹುದು. ಕಾರಿನ ನಡತೆಯನ್ನು ನಿಜವಾಗಿ ತೀರ್ಮಾನಿಸುವುದು ವೆಲ್ಡಿಂಗ್ ಆದ ಮೇಲೆ ಜರುಗಿಸಲಾಗದ ಬಿಂದುಗಳು, ಅವುಗಳಲ್ಲೂ ಮುಖ್ಯವಾಗಿ, ಅಡ್ಡಲಾಗಿ ಸರಿದು ಮುಂಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕಿನ ಬ್ರಾಕೆಟ್ಟು.

ಚಕ್ರ ಮೇಲೆ ಕೆಳಗೆ ಆಡುವಾಗ, ಅದನ್ನು ಚಾಸಿಸಿಗೆ ಹಿಡಿದಿಡುವ, ಮೇಲೊಂದು ಕೆಳಗೊಂದಿರುವ ಕವಲು ತೋಳುಗಳಾದ ಎರಡು ವಿಶ್‌ಬೋನ್‌ಗಳ ಹೊರತುದಿಗಳು ತಮ್ಮದೇ ಕಂಸಗಳಲ್ಲಿ ಚಲಿಸುತ್ತವೆ, ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಹೊರತುದಿ ಇನ್ನೊಂದು ಕಂಸದಲ್ಲಿ. ಈ ಕಂಸಗಳು ಒಂದಕ್ಕೊಂದು ಹೊಂದದಿದ್ದರೆ, ಸ್ಟೀರಿಂಗ್ ಚಕ್ರವನ್ನು ಅಲ್ಲಾಡಿಸದೆ ಹಿಡಿದಿದ್ದರೂ ರಸ್ತೆಯ ಪ್ರತಿ ಉಬ್ಬಿನಲ್ಲಿ ಮುಂಚಕ್ರ ತಾನಾಗಿಯೇ ತಿರುಗುತ್ತದೆ. ಇದನ್ನೇ ಬಂಪ್ ಸ್ಟಿಯರ್ ಎನ್ನುತ್ತಾರೆ. ಎರಡು ವಿಶ್‌ಬೋನ್‌ಗಳ ಗೆರೆಗಳನ್ನು ಒಳಮುಖವಾಗಿ ಬೆಳೆಸಿದರೆ ಅವು ಸೇರುವ ಬಿಂದುವಿಗೇ ಟೈ ರಾಡಿನ ಗೆರೆಯೂ ಗುರಿಯಿಡಬೇಕು. ರಾಡಿನ ಒಳಜಾಯಿಂಟು, ವಿಶ್‌ಬೋನ್‌ಗಳ ಒಳತಿರುಗಣೆಗಳನ್ನು ಕೂಡಿಸುವ ಗೆರೆಯ ಹತ್ತಿರದಲ್ಲೇ ಬೀಳಬೇಕು.

ನನ್ನ ಕಾರಿನಲ್ಲಿ ರ‍್ಯಾಕಿನ ಬ್ರಾಕೆಟ್ಟು 8 ಮಿಲಿಮೀಟರ್ ಮೇಲೆ ಕೂತಿತ್ತು. ತಪ್ಪು ನನ್ನದೇ: ಚಾಸಿಸ್ ಮೇಜಿನ ಮೇಲೆ ಸಮತಟ್ಟಾಗಿದ್ದಾಗ ಅಳೆದಿದ್ದೆನೇ ಹೊರತು, ಮಾಲೀಕನ ಭಾರ ಸೀಟಿನಲ್ಲಿದ್ದಾಗ ವಿಶ್‌ಬೋನ್‌ಗಳು ಯಾವ ಕೋನದಲ್ಲಿರುತ್ತವೆ ಎಂದು ಯೋಚಿಸಿರಲಿಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಸಣ್ಣ ಸೇತುವೆಯೊಂದರ ಉಬ್ಬು ದಾಟುವಾಗ ಕಾರು ಬೆದರಿದ ಕರುವಿನಂತೆ ಮೂತಿ ಆಡಿಸಿತು.

ಮನೆಗೆ ಬಂದು ಸ್ಪ್ರಿಂಗ್ ಬಿಚ್ಚಿದೆ, ರ‍್ಯಾಕನ್ನು ನಡುವಿನಲ್ಲಿ ಬಿಗಿದೆ, ಹಬ್ಬಿಗೆ ನೇರವಾದೊಂದು ಪ್ಲೈವುಡ್ ಹಲಗೆ ಕಟ್ಟಿದೆ. ಜಾಕಿನಿಂದ ಹಬ್ಬನ್ನು 10 ಮಿಲಿಮೀಟರಿನಂತೆ ಎತ್ತುತ್ತಾ ಹಲಗೆಯ ಮುಂದಂಚು, ಹಿಂದಂಚು ಎಷ್ಟೆಷ್ಟು ಸರಿಯುತ್ತವೆಂದು ಎರಡು ಡಯಲ್ ಗೇಜಿನಲ್ಲಿ ಓದಿ, ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದೆ. ಚಕ್ರ 50 ಮಿಲಿಮೀಟರ್ ಏರಿದಾಗ ರಿಮ್ಮಿನಷ್ಟು ಅಗಲಕ್ಕೆ ಸುಮಾರು 3.5 ಮಿಲಿಮೀಟರ್ ಟೋ ಔಟ್ (ಮುಂದಂಚು ಹೊರಕ್ಕೆ), ಅಷ್ಟೇ ಇಳಿದಾಗ ಹೆಚ್ಚುಕಡಿಮೆ ಅಷ್ಟೇ ಟೋ ಇನ್ (ಮುಂದಂಚು ಒಳಕ್ಕೆ) ಬಂತು.

ಆ ಗ್ರಾಫ್ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಗೆರೆ ನೇರವಾಗಿದ್ದು ಓರೆಯಾಗಿದ್ದರೆ ದೋಷ ರ‍್ಯಾಕಿನ ಎತ್ತರದ್ದು; ಬಿಲ್ಲಿನಂತೆ ಬಾಗಿದ್ದು, ಏರಿದರೂ ಇಳಿದರೂ ಚಕ್ರ ಒಂದೇ ಕಡೆಗೆ ತಿರುಗುತ್ತಿದ್ದರೆ ದೋಷ ಟೈ ರಾಡಿನ ಉದ್ದದ್ದು. ರ‍್ಯಾಕು ಆಕ್ಸಲಿನ ಮುಂದಿರುವ ಇಂಥ ಕಾರಿನಲ್ಲಿ, ಎತ್ತರ ಹೆಚ್ಚಾದರೆ ಏರುವಾಗ ಟೋ ಔಟ್ ಆಗುತ್ತದೆ. ರಾಡು ಗಿಡ್ಡವಾದರೆ ಎರಡೂ ಕಡೆ ಟೋ ಇನ್ ಆಗುತ್ತದೆ. ನನ್ನದು ನೇರ ಗೆರೆ. ಬ್ರಾಕೆಟ್ಟನ್ನು ಗ್ರೈಂಡರಿನಿಂದ ಕತ್ತರಿಸಿ ಮತ್ತೆ ಬೆಸೆಯಬೇಕಾಯಿತು. ಅದನ್ನು ಮೊದಲೇ ಕೆಲವು ಮಿಲಿಮೀಟರ್ ಕೆಳಗೆ ಬೆಸೆದಿದ್ದರೆ ಅಡಿಗೆ ತಗಡಿನ ಚೂರುಗಳನ್ನಿಟ್ಟು ಎತ್ತರಿಸಿಬಿಡಬಹುದಿತ್ತು. ಫಾರ್ಮುಲಾ ಸ್ಪರ್ಧೆಗಳಿಗೆ ಕಾರು ಕಟ್ಟುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿದ್ದರೆ, ಇದೊಂದನ್ನು ಬರೆದಿಟ್ಟುಕೊಳ್ಳಿ.

ಕ್ಯಾಸ್ಟರಿನ (ಮುಂಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ) ವಿಷಯದಲ್ಲಿ ಹಗುರ ಕಾರಿನ ಕಷ್ಟವೇ ಬೇರೆ. ಒಟ್ಟು ತೂಕವೇ 550 ಕಿಲೋ ಆಸುಪಾಸು ಇರುವಾಗ ಮುಂಚಕ್ರಗಳ ಮೇಲೆ ಬೀಳುವ ಭಾರ ಕಡಿಮೆ. ಕ್ಯಾಸ್ಟರ್ ಸಾಲದಿದ್ದರೆ ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಬ್ರಿಟನ್ನಿನ ಅನುಮೋದನೆ ಪರೀಕ್ಷೆಯಲ್ಲಿ ಇದನ್ನೂ ನೋಡುತ್ತಾರೆ. ಮೇಲಿನ ಬಾಲ್ ಜಾಯಿಂಟನ್ನು ಹಿಂದಕ್ಕೆ ಸರಿಸಿ ನಾನು 5.5 ಡಿಗ್ರಿಗೆ ತಂದುಕೊಂಡೆ. ಮುಂಚಕ್ರವನ್ನು ಎಡಕ್ಕೆ 20, ಬಲಕ್ಕೆ 20 ಡಿಗ್ರಿ ತಿರುಗಿಸಿ, ಎರಡೂ ಸ್ಥಿತಿಗಳ ಕ್ಯಾಂಬರ್ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ.

ಕ್ಯಾಂಬರಿಗೆ ಗಾರೆಯವರ ತೂಗುಗುಂಡೇ ಸಾಕು. 13 ಇಂಚಿನ ರಿಮ್ಮಿನಲ್ಲಿ ಒಂದು ಡಿಗ್ರಿ ಎಂದರೆ ಮೇಲಂಚಿಗೂ ಕೆಳಂಚಿಗೂ 6 ಮಿಲಿಮೀಟರಿಗೆ ತುಸು ಕಡಿಮೆ ವ್ಯತ್ಯಾಸ. ನಾನು ಚಕ್ರದ ಮೇಲ್ಭಾಗವನ್ನು ಒಂದೂಕಾಲು ಡಿಗ್ರಿ ಒಳಕ್ಕೆ ವಾಲಿಸಿದ್ದೇನೆ. ಅಳೆಯುವಾಗ ನೆಲ ಸಮತಟ್ಟಾಗಿರಬೇಕು, ಸೀಟಿನಲ್ಲಿ ನಿಮ್ಮಷ್ಟೇ ತೂಕದ ಮರಳಿನ ಚೀಲವಿರಬೇಕು, ಪ್ರತಿ ಬದಲಾವಣೆಯ ನಂತರ ಕಾರನ್ನು ನಾಲ್ಕು ಹೆಜ್ಜೆ ಹಿಂದೆ ಮುಂದೆ ತಳ್ಳಿ ಟೈರುಗಳ ಬಿಗಿ ಬಿಡಿಸಬೇಕು. ಜಾಕಿನಿಂದ ಆಗಷ್ಟೇ ಇಳಿಸಿದ ಕಾರಿನ ಅಳತೆ ಯಾವತ್ತೂ ಸುಳ್ಳು.

ಟೋ ಕಟ್ಟಕಡೆಗೆ, ಏಕೆಂದರೆ ಕ್ಯಾಸ್ಟರ್, ಕ್ಯಾಂಬರ್ ಯಾವುದನ್ನು ಮುಟ್ಟಿದರೂ ಅದು ಕದಲುತ್ತದೆ. ಕಾರಿನ ಎರಡೂ ಪಕ್ಕಕ್ಕೆ ಸಮಾನಾಂತರವಾಗಿ ದಾರ ಎಳೆದು, ರಿಮ್ಮಿನ ಮುಂದಂಚು ಹಿಂದಂಚುಗಳಿಂದ ದಾರಕ್ಕಿರುವ ಅಂತರ ಅಳೆದು, ಎರಡೂ ಚಕ್ರ ಸೇರಿ ಒಂದು ಮಿಲಿಮೀಟರ್ ಟೋ ಇನ್ ಇಟ್ಟೆ. ಆಮೇಲೆ ಲಾಕ್ ನಟ್ಟುಗಳನ್ನು ಬಿಗಿದು, ಸಡಿಲವಾದರೆ ಕಣ್ಣಿಗೆ ಬೀಳಲೆಂದು ಅವುಗಳ ಮೇಲೆ ಹಳದಿ ಪೇಂಟಿನ ಒಂದೊಂದು ಗೆರೆ ಎಳೆದೆ. ಇನ್ನೂರು ಕಿಲೋಮೀಟರ್ ಓಡಿಸಿ ಬಂದು ನೋಡಿದಾಗ ಎಡಗಡೆಯ ಗೆರೆ ಮುರಿದಿತ್ತು.