7 ಹಾ = 6 ಕ

ಕೇಳುಗರಿಗೆ ನಮಸ್ಕಾರ. ಒಂದು ಚೀಟಿ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಳ್ಳಿ. ರೊಟ್ಟಿ ಬಡಿಯುತ್ತಿರುವ ತಾಯಂದಿರು ಕೈಗೆಲಸ ಬಿಡಬೇಕಾಗಿಲ್ಲ, ಹಿಟ್ಟಿನ ಮೇಲೆ ಬೆರಳಿನಿಂದ ಬರೆದರೂ ನಡೆಯುತ್ತದೆ. ಬರೆಯಿರಿ: ವಾ, ಆಮೇಲೆ 7, ಆಮೇಲೆ ದಿ. ‘ವಾ 7 ದಿ.’ ಏನಿದು? ವಾರಕ್ಕೆ 7 ದಿನ. ಇನ್ನೊಂದು: ‘ಕಾ 7 ಬ.’ ಕಾಮನಬಿಲ್ಲಿಗೆ 7 ಬಣ್ಣ. ‘ಚ 64 ಮ’ ಅಂದರೆ ಚದುರಂಗಕ್ಕೆ 64 ಮನೆ. ಆಟ ಇಷ್ಟೇ. ಅಂಕಿಯನ್ನು ಪೂರಾ ಕೊಡುತ್ತೇವೆ, ಪದದ್ದು ಮಾತ್ರ ತಲೆಯಕ್ಷರ. ಉಳಿದದ್ದು ನಿಮ್ಮದು.

ಕಲಬುರಗಿಯವರಿಗೆಂದೇ ಒಂದು ಕೊಡುತ್ತೇನೆ. ‘ಕೋ 12 ಗ ತೋ.’ ಕೋಟೆ ಹತ್ತಿರ ಬೆಳೆದ ಹುಡುಗರು ಆಗಲೇ ನಗುತ್ತಿರಬೇಕು. ಕೋಟೆಯ 12 ಗಜದ ತೋಪು, ಅಂದರೆ ಫಿರಂಗಿ, ನಮ್ಮ ಬಾರಾ ಗಜ್ ತೋಪು!

ಇಂಗ್ಲಿಷಿನಲ್ಲಿ ಈ ಆಟ ಹೆಸರು ಮಾಡಿದ್ದು 1981ರಲ್ಲಿ. ಅಮೆರಿಕದ ‘ಗೇಮ್ಸ್’ ಎಂಬ ಪತ್ರಿಕೆಯಲ್ಲಿ ವಿಲ್ ಶಾರ್ಟ್ಜ್ ಎನ್ನುವವರು ಇಂಥವನ್ನು ಒಟ್ಟು ಮಾಡಿ ಹಾಕಿದರು. ‘26 ಎಲ್ ಆಫ್ ದಿ ಎ’, ಅಂದರೆ ಇಂಗ್ಲಿಷ್ ಅಕ್ಷರಮಾಲೆಯ 26 ಅಕ್ಷರ, ಆ ಥರದವು. ಜನ ಅದನ್ನು ಝೆರಾಕ್ಸ್ ಮಾಡಿ ಕಚೇರಿಯಿಂದ ಕಚೇರಿಗೆ ಹಂಚಿದರು. ಇರಲಿ, ಇತಿಹಾಸ ಸಾಕು. ಕನ್ನಡದಲ್ಲಿ ಈ ಆಟ ಇನ್ನೂ ಚೆಂದ, ಯಾಕೆಂದರೆ ಇಂಗ್ಲಿಷಿನವರು ‘ಆಫ್, ದಿ, ಇನ್’ ಅಂತ ಚಿಲ್ಲರೆ ಪದಗಳನ್ನು ನಡುವೆ ಬಿಟ್ಟು ಸುಳಿವು ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ವಿಭಕ್ತಿ ಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ, ತಲೆಯಕ್ಷರ ಕೊಟ್ಟರೆ ಬಾಲ ಕಾಣುವುದೇ ಇಲ್ಲ. ಒಂದೇ ನಿಯಮ ನೆನಪಿಡಿ: ದೀರ್ಘ ಇದ್ದರೆ ದೀರ್ಘವನ್ನೇ ಬರೆಯಬೇಕು. ಕಾಮನಬಿಲ್ಲಿಗೆ ‘ಕಾ’ ಬರೆಯಬೇಕು, ‘ಕ’ ಅಲ್ಲ.

ಈಗ ನಾನು ಹೇಳಬೇಕೆಂದು ಬಂದ ಮಾತು. ಬಿಡಿಸಲು ಬಾರದಿದ್ದರೆ ಇನ್ನೊಬ್ಬರನ್ನು ಕೇಳಿ. ಮೂವತ್ತು ವರ್ಷ ಗಣಿತ ಕಲಿಸಿದವನು ಹೇಳುತ್ತಿದ್ದೇನೆ, ಕೇಳಿ. ‘ಸರ್, ಕೇಳಿ ಬಿಡಿಸಿದರೆ ಅದು ಕಾಪಿ ಹೊಡೆದಂಗಲ್ಲೇನ್ರಿ’ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲರೀ. ಗುಣಾಕಾರ ಆಗಿದ್ದರೆ ಒಬ್ಬರೇ ಕೂತು ಮಾಡಬಹುದು, ಅದರ ದಾರಿ ನಿಮಗೆ ಗೊತ್ತು. ಇಲ್ಲಿ ದಾರಿ ಇಲ್ಲ, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ನಿಮಗೆ ಗೊತ್ತಿಲ್ಲದ್ದು ಪಕ್ಕದ ಮನೆಯ ಮುತ್ಯಾನಿಗೆ ಗೊತ್ತಿರುತ್ತದೆ.

ನನಗೆ ಇದು ತಿಳಿದದ್ದು ಮಾನ ಕಳೆದುಕೊಂಡ ಮೇಲೆ.

1980ರ ದಶಕ. ನಾನಾಗ ಆಳಂದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಇಂಥವು ಐದು ಬರೆಯುತ್ತಿದ್ದೆ, ಹುಡುಗರು ಬಿಡಿಸುತ್ತಿದ್ದರು. ಒಂದು ಶನಿವಾರ ಒಂಬತ್ತನೆಯ ಇಯತ್ತೆಯ ಹುಡುಗ ಎದ್ದು, ‘ಸರ್, ನಮ್ಮ ಮುತ್ಯಾ ನಿಮಗ ಒಂದು ಕಳಿಸ್ಯಾನ್ರಿ’ ಎಂದು ಸುಣ್ಣದಕಡ್ಡಿ ಇಸಿದುಕೊಂಡು ಬರೆದ: 7 ಹಾ = 6 ಕ.

ಕೇಳುಗರು ಬರೆದುಕೊಳ್ಳಿ. ಏಳು, ಹಕಾರಕ್ಕೆ ದೀರ್ಘ, ಸಮ, ಆರು, ಬರೀ ಕ.

ಹುಡುಗ ಉತ್ತರ ಹೇಳಲು ಬಾಯಿ ತೆರೆದ. ‘ಹೇಳಬ್ಯಾಡ, ನಾನೇ ಬಿಡಸ್ತೀನಿ’ ಅಂದೆ. ಗಣಿತದ ಮಾಸ್ತರ ನೋಡಿ, ಜಂಬ! ಒಂದು ವಾರ ಆಯಿತು, ಎರಡು ವಾರ ಆಯಿತು. ಹುಡುಗ ದಿನಾ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟೆ. ಆದರೆ ಹೇಗೆ ಕೇಳಿದೆ? ‘ಹಾ ಅಂದರೆ ಹಾಲು ಇರಬೇಕು, ಕ ಏನು ಹೇಳ್ರಿ’ ಎಂದು. ಮುಗಿಯಿತು, ಎಲ್ಲರೂ ಹಾಲಿಗೆ ಬಿದ್ದರು. ಹಿಂದಿ ಮಾಸ್ತರರು ‘7 ಸೇರು ಹಾಲು ಕಾಸಿದರೆ 6 ಸೇರು’ ಎಂದರು. ವಿಜ್ಞಾನದವರು ‘ನಮ್ಮೂರಾಗ ಹಾಲಿಗಿ ಕಲಬೆರಕೆನೇ ಕ’ ಎಂದು ಚಹಾ ಕುಡಿದು ಎದ್ದುಹೋದರು. ಇಲ್ಲಿ ಒಂದು ಪಾಠ ಇದೆ: ಕೇಳುವಾಗ ನಿಮ್ಮ ಊಹೆಯನ್ನು ಹೇಳಬೇಡಿ. ಹೇಳಿದಿರೋ, ನೀವು ಬಿದ್ದ ಗುಂಡಿಗೆ ಅವರನ್ನೂ ಎಳೆದಂತೆ.

ಆಗ ತೊಗರಿ ರಾಶಿ ಮುಗಿದಿತ್ತು. ನಮ್ಮ ನಾಲ್ಕು ಎಕರೆಯ ಮಾಲು ಹಾಕಿಕೊಂಡು ಕಲಬುರಗಿಗೆ, ನೆಹರು ಗಂಜಿನ ಮಾರುಕಟ್ಟೆಗೆ ಬಂದೆ. ಅಡತಿ ಅಂಗಡಿಯಲ್ಲಿ ತೂಕ ನಡೆದಿತ್ತು. ಪಕ್ಕದ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದ್ದರು, ಹಮಾಲರು ಸೀನುತ್ತಾ ಚೀಲ ಎತ್ತುತ್ತಿದ್ದರು, ನಾನೂ ಸೀನುತ್ತಿದ್ದೆ. ಗಾದಿಯ ಮೇಲೆ ಕೂತವರು ಹಳೆಯ ಮುನೀಮರು, ಎಪ್ಪತ್ತು ದಾಟಿದವರು, ಮೂಗಿನ ತುದಿಗೆ ಕನ್ನಡಕ. ಹೊತ್ತು ಹೋಗಲಿ ಎಂದು ಒಂದು ಹಳೆ ಪಟ್ಟಿಯ ಬೆನ್ನಿಗೆ ‘7 ಹಾ = 6 ಕ’ ಎಂದು ಮತ್ತೆ ಗೀಚಿದೆ. ಯಾರನ್ನೂ ಕೇಳಲಿಲ್ಲ. ನನ್ನ ಬಾಯಲ್ಲಿ ಹಾಲು ಬರಲಿಲ್ಲ, ಅದೇ ಪುಣ್ಯ.

ಮುನೀಮರು ತಲೆ ಎತ್ತದೆ, ಖಾತೆ ಬರೆಯುತ್ತಲೇ ಅಂದರು: ‘ಏನ್ರಿ ಮಾಸ್ತರ, ಹಳೇ ಹಿಸಾಬ ಹಚ್ಚೀರಿ? ಏಳು ಹಾಲಿ, ಆರು ಕಲ್ದಾರ.’

ಅಷ್ಟೇ. ಎರಡು ವಾರ ನಾನು ಒದ್ದಾಡಿದ್ದು ಅವರಿಗೆ ಒಂದು ಉಸಿರಿನ ಮಾತು.

ಚಿಕ್ಕವರಿಗೆ ಹೇಳಬೇಕು. ನಮ್ಮ ಕಲಬುರಗಿ, ಬೀದರ, ಯಾದಗಿರಿ ಎಲ್ಲ 1948ರ ಸೆಪ್ಟೆಂಬರ್ ತನಕ ನಿಜಾಮನ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯಕ್ಕೆ ತನ್ನದೇ ರೂಪಾಯಿ ಇತ್ತು, ಚಾರ್‌ಮಿನಾರ್ ಚಿತ್ರದ್ದು. ಅದು ಹಾಲಿ ಸಿಕ್ಕಾ. ಹಾಲಿ ಶಾಸಕ, ಮಾಜಿ ಶಾಸಕ ಅನ್ನುತ್ತೀರಲ್ಲ, ಅದೇ ಹಾಲಿ, ಈಗ ಚಲಾವಣೆಯಲ್ಲಿರುವುದು. ಬ್ರಿಟಿಷರ ರೂಪಾಯಿಗೆ ಜನ ಕಲ್ದಾರ ಎನ್ನುತ್ತಿದ್ದರು. ಸೋಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ, ಇಲ್ಲಿಂದ ಅಲ್ಲಿಗೆ ವ್ಯಾಪಾರಕ್ಕೆ ಹೋದವನು ರೊಕ್ಕ ಬದಲಿಸಲೇಬೇಕು. ದರ, 7 ಹಾಲಿಗೆ 6 ಕಲ್ದಾರ.

‘ನೂರ ಕಲ್ದಾರಕ್ಕ ಎಷ್ಟು ಹಾಲಿ ಆಗ್ತದರಿ’ ಎಂದು ನಾನು ಕೇಳಿದೆ, ಪರೀಕ್ಷೆ ಮಾಡೋಣ ಎಂದು, ಮಾಸ್ತರ ಚಟ. ಮುನೀಮರು ಲೇಖನಿ ಕೆಳಗಿಡಲಿಲ್ಲ: ‘ನೂರಾ ಹದಿನಾರು ರೂಪಾಯಿ, ಹತ್ತಾಣೆ, ಎಂಟು ಪೈ.’ ಆಣೆಗೆ 12 ಪೈ, ರೂಪಾಯಿಗೆ 16 ಆಣೆ. ನಾನು ಪಟ್ಟಿಯ ಬೆನ್ನ ಮೇಲೆ ಏಳುನೂರನ್ನು ಆರರಿಂದ ಭಾಗಿಸಿದೆ. 116, ಉಳಿದದ್ದು 4. ನಾಲ್ಕನ್ನು ಹದಿನಾರರಿಂದ ಗುಣಿಸಿ ಮತ್ತೆ ಆರರಿಂದ ಭಾಗಿಸಿದೆ. ಪೈಗೆ ಪೈ ಸರಿ! ‘ಹುಡುಗ ಇದ್ದಾಗ ನಮ್ಮಪ್ಪ ಇದನ್ನ ಬಾಯಿಪಾಠ ಮಾಡಿಸಿದ್ದ, ತಪ್ಪಿದ್ರ ಅಳತೆಗೋಲಿನ್ಯಾಗ ಬಡೀತಿದ್ದ’ ಎಂದು ಅವರು ಮೊದಲ ಸಲ ತಲೆ ಎತ್ತಿ ನಕ್ಕರು.

ಸೋಮವಾರ ಪ್ರಾರ್ಥನೆ ಮುಗಿದೊಡನೆ ಹುಡುಗನನ್ನು ಕರೆದು ಉತ್ತರ ಹೇಳಿದೆ. ‘ಯಾರ್ನ ಕೇಳಿದ್ರಿ ಸರ್?’ ಎಂದ. ನೇರ ಅಲ್ಲಿಗೇ ಬಂದ ನೋಡಿ. ‘ಗಂಜಿನ ಮುನೀಮರನ್ನ’ ಎಂದೆ. ‘ಮುತ್ಯಾ ಹಂಗೇ ಅಂದಿದ್ದ, ಮಾಸ್ತರ ಯಾರ್ನರ ಮುದುಕರನ್ನ ಕೇಳ್ತಾನ ಅಂತ.’

ನಿಲಯದವರು ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ ಉಳಿದಿದೆ. ಹೇಳಬೇಕೆಂದಿದ್ದುದು ಬಹಳ ಇತ್ತು, ಓಡಿಸುತ್ತೇನೆ. ಯಾರನ್ನು ಕೇಳಬೇಕು ಎನ್ನುವುದನ್ನು ಅಂಕಿಯೇ ಹೇಳುತ್ತದೆ. 22 ಅಥವಾ 11 ಕಂಡರೆ ಕ್ರಿಕೆಟ್ ಆಡುವ ಹುಡುಗನನ್ನು ಕೇಳಿ. 18 ಕಂಡರೆ ಪ್ರವಚನಕ್ಕೆ ಹೋಗುವವರನ್ನು ಕೇಳಿ, ಪುರಾಣ 18, ಗೀತೆಯ ಅಧ್ಯಾಯ 18. 52 ಇದ್ದರೆ ಇಸ್ಪೀಟು ಆಡುವವರನ್ನು ಕೇಳಿ, ನಾಚಿಕೆ ಬೇಡ, ಪ್ರತಿ ಓಣಿಯಲ್ಲೂ ಇದ್ದಾರೆ. 371 ಕಂಡು ಮುಂದೆ ‘ಜೆ’ ಇದ್ದರೆ ಯಾರನ್ನೂ ಕೇಳಬೇಡಿ, ಕಲ್ಯಾಣ ಕರ್ನಾಟಕದಲ್ಲಿ ನೌಕರಿಗೆ ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಸಂವಿಧಾನದ ಆ ವಿಧಿ ಗೊತ್ತು, ಮತ್ತು ಅಲ್ಲಿ ಜೆ ತಲೆಯಕ್ಷರ ಅಲ್ಲ, ಬರೀ ಜೆ. ಮೊಬೈಲನ್ನು ಕೇಳುತ್ತೇನೆ ಎನ್ನುವವರಿಗೆ ನನ್ನದೇನೂ ತಕರಾರಿಲ್ಲ. ಆದರೆ ಅದು ಹತ್ತಾಣೆ ಎಂಟು ಪೈ ಎಂದು ಹೇಳಿ ನಗುವುದಿಲ್ಲ.

ಕೊನೆಗೆ ಒಂದು. ಬರೆದುಕೊಳ್ಳಿ: ‘ಕ 770 ಅ ಗ.’ ಕ, ಏಳುನೂರಾ ಎಪ್ಪತ್ತು, ಅ, ಗ. ಬಸವಕಲ್ಯಾಣದ ಕಡೆಯಿಂದ ಕೇಳುತ್ತಿರುವವರು ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ, ಯಾರಾದರೂ ಬಂದು ಕೇಳುವ ತನಕ. ನಮಸ್ಕಾರ.